ಠರಾವಿನ ಮೂರನೇ ಕಲಮು

ಹೋದ ವಾರ ಬೀಳಗಿಯಲ್ಲಿ ಒಂದು ಮದುವೆ ಇತ್ತು. ಬನಹಟ್ಟಿಯಿಂದ ಹೊರಟು ಮುಧೋಳದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕುಳಿತೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಹಿಂದೆ ಬಿದ್ದು ಬೀಳಗಿ ಸಮೀಪಿಸಿದಾಗ ಇನ್ನೊಂದು ವಾಸನೆ ಶುರುವಾಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಿಗೆ ಬೀಳುವ ಕೆಸರಿನ ವಾಸನೆ. ಕೊಳೆತ ಜೊಂಡು, ಸತ್ತ ಮೀನು, ಎಷ್ಟೋ ವರ್ಷ ನೀರಿನಡಿ ಇದ್ದ ಮಣ್ಣು. ಪಕ್ಕದಲ್ಲಿದ್ದ ಮಾಸ್ತರರೊಬ್ಬರು, "ಹಿನ್ನೀರಿನ ಗಾಳಿ ಎಷ್ಟ ತಂಪ ಐತಿ ನೋಡ್ರಿ" ಎಂದರು. ನಾನು ಹೂಂ ಅಂದು ಕರವಸ್ತ್ರ ಮೂಗಿಗೆ ಹಿಡಿದೆ.

ಮುಳುಗಡೆಯ ವರ್ಷದ ಮಾತು ತೆಗೆದರೆ ಜನ ದುಃಖದ ಕತೆಗೆ ಕಾಯುತ್ತಾರೆ. ನನ್ನ ಬಳಿ ದುಃಖ ಕಡಿಮೆ, ಹೇಸಿಗೆ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ.

ಆಗ ನಾನು ಬೀಳಗಿ ತಾಲೂಕಿನ ಒಂದು ಹಳ್ಳಿಯ ಗ್ರಾಮ ಪಂಚಾಯಿತಿಗೆ ಕಾರ್ಯದರ್ಶಿ. ಹೆಂಡತಿ, ಎರಡು ಹೆಣ್ಣುಮಕ್ಕಳು ಬನಹಟ್ಟಿಯಲ್ಲಿ, ಅಣ್ಣನ ಮಗ್ಗದ ಮನೆಯಲ್ಲಿದ್ದರು. ನಾನು ಊರಲ್ಲಿ ಒಂದು ಖೋಲಿ ಹಿಡಿದು ಶನಿವಾರ ಸಂಜೆ ಮನೆಗೆ ಹೋಗಿ ಸೋಮವಾರ ಬರುತ್ತಿದ್ದೆ. ಜಿಲ್ಲೆ ಹೊಸದು, ಕಚೇರಿಗಳು ಹೊಸವು, ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ವರ್ಷಕ್ಕಿಷ್ಟು ಏರುತ್ತಿತ್ತು. ಆ ವರ್ಷ ನಮ್ಮ ಸರದಿ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೂ ಹೋಗಿ ನೋಡಲು ಅಲ್ಲಿ ಏನೂ ಉಳಿದಿಲ್ಲ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಊರ ಹಿರಿಯರ ಕೂಟಕ್ಕೆ ನಮ್ಮ ಕಡೆ ದೈವ ಎನ್ನುತ್ತಾರೆ. ದೈವ ಕೂಡುವುದು ಬೀರೇಶ್ವರನ ಗುಡಿಯ ಪೌಳಿಯಲ್ಲಿ. ಅಲ್ಲಿ ಕೈ ಎತ್ತಿಸಿ ಎಣಿಸುವುದಿಲ್ಲ. ಮಾತು ಮುಗಿದ ಮೇಲೆ ಭಂಡಾರದ ತಟ್ಟೆ ಸುತ್ತ ಬರುತ್ತದೆ. ಒಪ್ಪಿದವರು ಆ ಅರಿಶಿನ ಪುಡಿ ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಒಬ್ಬರು ಮುಟ್ಟದಿದ್ದರೂ ತಟ್ಟೆ ವಾಪಸು ಹೋಗುತ್ತದೆ, ಮಾತು ಮೊದಲಿನಿಂದ ಶುರು. ಮುಟ್ಟಿದ ಮೇಲೆ ಮಾತ್ರ ಸತ್ತರೂ ತಿರುಗಿ ನುಡಿಯುವಂತಿಲ್ಲ. ಕುರುಬರು, ಲಿಂಗಾಯತರು, ಇತರರು, ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಪಂಚಾಯಿತಿ ಸಭೆಯಲ್ಲೂ ಸಹಿಯಾದ ಮೇಲೆ ಭಂಡಾರ ತರಿಸುತ್ತಿದ್ದರು. ಕಾಯ್ದೆಯಲ್ಲಿ ಅದಿಲ್ಲ ಎಂದು ಮೊದಲು ನಾನು ನಗುತ್ತಿದ್ದೆ. ಆಮೇಲೆ ಅದರ ಬೆಲೆ ಗೊತ್ತಾಯಿತು: ನಮ್ಮ ತಾಲೂಕಿನಲ್ಲಿ ಠರಾವು, ಅಂದರೆ ನಿರ್ಣಯ, ಮಾಡಿ ಮರುದಿನ ಜಗಳಾಡದ ಪಂಚಾಯಿತಿ ಅದೊಂದೇ.

ಆ ವರ್ಷ ಹನ್ನೊಂದು ಮಂದಿ ಆರಿಸಿ ಬಂದಿದ್ದರು. ಅಧ್ಯಕ್ಷ ಗುರುಬಸಪ್ಪ ಐವತ್ತು ದಾಟಿದ ಜಮೀನುದಾರ, ಮಾತಿನ ಮಲ್ಲ, ಇಸ್ತ್ರಿ ಮುರಿಯದ ಅಂಗಿ. ಕುರುಬರ ಓಣಿಯಿಂದ ಬಂದವಳು ಬೀರವ್ವ. ವಯಸ್ಸು ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮೂವತ್ತು-ನಲವತ್ತು ಕುರಿ ಸಾಕಿಕೊಂಡಿದ್ದಳು. ಸಾಕ್ಷರತೆಯ ತರಗತಿಯಲ್ಲಿ ಹೆಸರು ಬರೆಯುವಷ್ಟು ಮಾತ್ರ ಕಲಿತಿದ್ದಳು. ಸಹಿ ಮಾಡುವಾಗ ನಾಲಗೆ ತುದಿ ಹೊರಗೆ ಬರುತ್ತಿತ್ತು, ಒತ್ತಕ್ಷರ ಸರಿಯಾಗಿ ಬಿದ್ದರೆ ಒಮ್ಮೆ ನಕ್ಕು ಪೆನ್ನು ಕೊಡುತ್ತಿದ್ದಳು.

ಅವಳು ಚುನಾವಣೆಗೆ ನಿಂತದ್ದು ಒಂದೇ ಕೆಲಸಕ್ಕೆ. ಊರಿನಿಂದ ತುಸು ದೂರ ದಿನ್ನೆಯ ಮೇಲೆ ಇಪ್ಪತ್ತೆರಡು ಕುರುಬರ ಮನೆಗಳಿದ್ದವು. ಮುಳುಗುವ ಮನೆಗಳ ಸರ್ವೆಗೆ ಬಂದವರು ಸುಗ್ಗಿಯ ಕಾಲದಲ್ಲಿ ಬಂದಿದ್ದರು. ಆಗ ಆ ಮಂದಿ ಕುರಿ ಹೊಡೆದುಕೊಂಡು ಪರವೂರಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ತರುಬಲು ಹೋಗಿರುತ್ತಾರೆ. ಬಾಗಿಲಿಗೆ ಮುಳ್ಳಿನ ಕಟ್ಟು ಇಟ್ಟಿದ್ದನ್ನು ನೋಡಿದವರು ಇವು ಕುರಿದೊಡ್ಡಿಗಳು ಎಂದು ಬರೆದುಕೊಂಡು ಹೋದರು. ದೊಡ್ಡಿಗೆ ಹೊಸ ಊರಲ್ಲಿ ನಿವೇಶನ ಇಲ್ಲ. ಬೀರವ್ವ ಮೊದಲ ಸಭೆಯಲ್ಲೇ ಎದ್ದು ನಿಂತು ಮರುಸರ್ವೆಯ ಠರಾವು ಮಾಡಿಸಿದಳು. ಎಲ್ಲರೂ ಭಂಡಾರ ಮುಟ್ಟಿದರು. ನಾನೇ ಬರೆದೆ, ನಾನೇ ಪುನರ್ವಸತಿ ಕಚೇರಿಗೆ ಮುಟ್ಟಿಸಿದೆ. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಅದರ ಹಿಂದೆಯೇ ಮಳೆಗಾಲದೊಳಗೆ ಊರು ಖಾಲಿ ಮಾಡಿ ಎಂಬ ನೋಟೀಸು ಬಂತು.

ಚೈತ್ರದ ಬಿಸಿಲಲ್ಲಿ ಜನ ತಮ್ಮ ಮನೆ ತಾವೇ ಬಿಚ್ಚತೊಡಗಿದರು. ತೊಲೆ, ಜಂತಿ, ಬಾಗಿಲ ಚೌಕಟ್ಟು ಚಕ್ಕಡಿಗೆ ಏರಿದವು. ಊರ ತುಂಬ ಹಳೇ ಮಾಳಿಗೆಯ ಮಣ್ಣಿನ ಧೂಳು. ಪಂಚಾಯಿತಿ ಕಚೇರಿಯ ಸಾಗವಾನಿ ಬಾಗಿಲು ಒಂದು ದಿನ ಮಾಯವಾಯಿತು. ಅದು ಗುರುಬಸಪ್ಪನ ಹೊಸ ಮನೆಯ ದನದ ಕೊಟ್ಟಿಗೆಗೆ ಕೂತಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆಗಲೇ ಎದ್ದದ್ದು ದೊಡ್ಡ ಪ್ರಶ್ನೆ: ಊರು ಮುಳುಗಿದರೆ ಪಂಚಾಯಿತಿ ಏನಾಗುತ್ತದೆ? ಹೊಸ ಊರಿಗೆ ಜಾಗ ಕೊಟ್ಟದ್ದು ಬೇರೊಂದು ಪಂಚಾಯಿತಿಯ ಹದ್ದಿನಲ್ಲಿ. ನಾವು ಆರು ಮಂದಿ ಬೀಳಗಿಗೆ ಹೋಗಿ ಪುನರ್ವಸತಿ ಸಾಹೇಬರನ್ನು ಕಂಡೆವು. ಅವರು ಮೈಸೂರು ಕಡೆಯವರು. ಫೈಲಿನಿಂದ ತಲೆ ಎತ್ತದೆ, "ಊರೇ ಇಲ್ಲಾಂದ್ರೆ ಪಂಚಾಯಿತಿ ಎಲ್ಲಿಂದ ಬರುತ್ತೆ? ಊರು ನಮಗೆ ಹಸ್ತಾಂತರ ಮಾಡಿದ ದಿನ ನಿಮ್ಮ ಅಧಿಕಾರ ಮುಗೀತು. ಹೊಸ ಊರಿಗೆ ಆಡಳಿತಾಧಿಕಾರಿ ಬರ್ತಾರೆ" ಎಂದರು.

ಗುರುಬಸಪ್ಪ ಕುರ್ಚಿಯಲ್ಲಿ ಮುಂದೆ ಸರಿದು ಕೂತ. "ಮಂದಿ ನಮ್ಮನ್ನ ಆರಿಸ್ಯಾರರೀ, ಹೊಲಾ-ಮಾಳಗಿ ಆರಿಸಿಲ್ಲ. ಮಂದಿ ಎಲ್ಲಿ ಹೋಗ್ತಾರ, ಅಲ್ಲಿ ನಾವೂ ಹೋಗ್ತೇವಿ. ಜಮಖಂಡಿ ಸಂಸ್ಥಾನ ಮುಗೀತು, ಮುಧೋಳ ಸಂಸ್ಥಾನ ಮುಗೀತು. ರಾಜಾ ಇಳದು ಸರಕಾರ ಬಂದ ದಿನಾನೂ ನಮ್ಮ ದೈವ ಕುಂತಲ್ಲೇ ಕುಂತಿತ್ತಂತ ನಮ್ಮ ಮುತ್ಯಾ ಹೇಳ್ತಿದ್ದ. ಆಳಾವ್ರು ಬದಲಾದ್ರಂತ ದೈವ ಎದ್ದ ಹೋಗೂದಿಲ್ರೀ."

ನನಗೆ ಮೈ ಜುಂ ಎಂದಿತು. ಸುಳ್ಳು ಹೇಳುವುದಿಲ್ಲ, ಆ ದಿನ ಅವನ ಬಗ್ಗೆ ಅಭಿಮಾನ ಉಕ್ಕಿತ್ತು. ಬಾಗಿಲು ಕದ್ದವನ ಬಾಯಲ್ಲಿ ಇಷ್ಟು ಒಳ್ಳೆಯ ಮಾತು ಬರುತ್ತದೆಂದರೆ ಊರಿಗೆ ಇನ್ನೂ ಆಯುಷ್ಯ ಇದೆ ಅಂದುಕೊಂಡೆ. ರಾತ್ರಿ ನಿದ್ದೆಗೆಟ್ಟು ಆ ಮಾತುಗಳನ್ನೇ ತಿದ್ದಿ ತೀಡಿ ಒಂದು ಅರ್ಜಿ ಬರೆದೆ.

ಎರಡನೇ ಸಲ ಅರ್ಜಿ ಹಿಡಿದು ಹನ್ನೊಂದೂ ಮಂದಿ ಟೆಂಪೋದಲ್ಲಿ ಹೋದೆವು. ಬೀರವ್ವ ತನ್ನ ಮರುಸರ್ವೆಯ ಠರಾವಿನ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ದಾರಿಯಲ್ಲಿ ಕೇಳಿದಳು, "ಪಂಚಾಯ್ತಿ ಉಳದ್ರ ನಮ್ಮ ಠರಾವೂ ಉಳೀತೈತಲ್ರೀ?"

"ಉಳೀತೈತಿ. ಪಂಚಾಯ್ತಿ ಹೋದ್ರ ಮಾತ್ರ ಅದನ್ನ ಕೇಳಾವ್ರಿಲ್ಲ" ಎಂದೆ. ಆಗ ಅದನ್ನು ನಂಬಿಯೇ ಹೇಳಿದ್ದೆ.

"ಹಂಗಾರ ಉಳೀಬೇಕ್ರೀ" ಎಂದಳು. ಪಂಚಾಯಿತಿ ಉಳಿಯಲಿ ಎಂದು ಅವಳಷ್ಟು ಬಯಸಿದವರು ಆ ಟೆಂಪೋದಲ್ಲಿ ಇನ್ನೊಬ್ಬರಿರಲಿಲ್ಲ.

ಮೂರನೇ ಸಲ ಸಾಹೇಬರು ಅಧ್ಯಕ್ಷನನ್ನೂ ನನ್ನನ್ನೂ ಮಾತ್ರ ಕರೆಸಿದರು. ಚಹಾ ತರಿಸಿದರು, ಅಲ್ಲೇ ನನಗೆ ಸಂಶಯ ಬರಬೇಕಿತ್ತು. "ನಿಮ್ಮ ಮುಂದುವರಿಕೆಗೆ ನಾನು ಶಿಫಾರಸು ಬರೀತೀನಿ. ಅವಧಿ ಮುಗಿಯೋವರೆಗೂ ನೀವೇ ಇರಿ. ಆದ್ರೆ ಮೇಲಿನವರಿಗೆ ನಾನೂ ಒಂದು ಕಾಗದ ತೋರಿಸ್ಬೇಕಲ್ಲ. ಊರವರೆಲ್ಲರಿಗೂ ನಿವೇಶನ ಸಿಕ್ಕಿದೆ, ಯಾರದೂ ಬಾಕಿ ಇಲ್ಲ, ಹಿಂದಿನ ಮರುಸರ್ವೆ ಠರಾವು ವಾಪಸ್ ತಗೊಂಡಿದೀವಿ ಅಂತ ಬರೆದುಕೊಡಿ. ಸರ್ವಾನುಮತ ಇರಬೇಕು. ಒಂದು ಸಹಿ ಕಮ್ಮಿ ಆದ್ರೂ ನನಗೆ ಬೇಡ."

ಗುರುಬಸಪ್ಪ ಎದ್ದು ಹೊರಡುತ್ತಾನೆ ಎಂದು ಕಾದೆ. ಅವನು ಚಹಾ ಬಸಿಗೆ ಬಗ್ಗಿಸಿಕೊಂಡು, "ಅಧ್ಯಕ್ಷಗಿರಿ ಸಹಿತ ಮುಂದುವರೀತೈತೇನ್ರೀ, ಇಲ್ಲಾ ಬರೇ ಮೆಂಬರಗಿರಿ?" ಎಂದು ಕೇಳಿದ.

ಸಾಹೇಬರು ಅಧ್ಯಕ್ಷಗಿರಿ ಸಹಿತ ಎಂದರು. ಅಷ್ಟೇ. ಸಂಸ್ಥಾನಗಳ ಕಾಲದಿಂದ ಕುಂತಲ್ಲೇ ಕುಂತಿದ್ದ ದೈವ ಒಂದು ಬಸಿ ಚಹಾದಲ್ಲಿ ಎದ್ದು ಹೋಯಿತು.

ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಮಿರ್ಚಿ ಭಜಿ ತಿನ್ನುತ್ತಿದ್ದಾಗ, "ಬೀರವ್ವ ಇದಕ್ಕ ಸಹಿ ಮಾಡೂದಿಲ್ರಿ" ಎಂದೆ.

"ಓದಾವ್ರು ನೀವ ಅಲ್ಲೇನ್ರಿ?" ಎಂದ. ಬೆರಳಿನ ಎಣ್ಣೆ ನೆಕ್ಕಿಕೊಳ್ಳುತ್ತ ಮುಂದುವರಿಸಿದ: "ಪಂಚಾಯ್ತಿ ಹೋದ್ರ ನಿಮ್ಮನ್ನ ಯಾವ ಮೂಲ್ಯಾಗ ಒಗೀತಾರೋ ಏನೋ. ಹೊಸ ಊರಿಗಿ ಬಂದ್ರ ಬನಹಟ್ಟಿ ಎಷ್ಟ ಸನೇ ಆಗ್ತೈತಿ, ವಿಚಾರ ಮಾಡ್ರಿ. ದಿನಾ ಮನೀಗಿ ಹೋಗಿ ಬರಬಹುದು."

ವಿಚಾರ ಮಾಡುವುದಕ್ಕೆ ಏನೂ ಇರಲಿಲ್ಲ. ಹೊಸ ಊರಿನ ಜಾಗ ಗೊತ್ತಾದ ದಿನವೇ ನಾನು ಬಸ್ಸಿನ ವೇಳಾಪಟ್ಟಿ ನೋಡಿಟ್ಟಿದ್ದೆ. ದೊಡ್ಡ ಮಗಳು ಆ ವರ್ಷ ಹತ್ತನೇ ಇಯತ್ತೆ. ಅವನಿಗೆ ಅವನ ಕುರ್ಚಿ ಬೇಕಿತ್ತು, ನನಗೆ ನನ್ನದು. ಅವನ ಮೇಲೆ ಉಗುಳುವಾಗ ಇದನ್ನು ಬಿಟ್ಟು ಹೇಳಿದರೆ ನಾನು ಅವನಿಗಿಂತ ಕಡೆ.

ಸಭೆ ನಡೆದದ್ದು ರೋಹಿಣಿ ಮಳೆಯ ಮೋಡ ಕಟ್ಟಿದ ಒಂದು ಮಧ್ಯಾಹ್ನ, ಗುಡಿಯ ಪೌಳಿಯಲ್ಲಿ. ಊರಲ್ಲಿ ಮೇಲ್ಛಾವಣಿ ಇದ್ದ ಜಾಗ ಅದೊಂದೇ ಉಳಿದಿತ್ತು. ಉಳಿದ ಒಂಬತ್ತು ಸದಸ್ಯರಿಗೆ ಗುರುಬಸಪ್ಪ ಒಬ್ಬೊಬ್ಬರನ್ನಾಗಿ ಕರೆದು ಮೊದಲೇ ಹೇಳಿ ಮುಗಿಸಿದ್ದ. ಗೊತ್ತಿಲ್ಲದವಳು ಬೀರವ್ವ ಒಬ್ಬಳೇ. ಠರಾವಿನಲ್ಲಿ ಮೂರು ಕಲಮು. ಎದ್ದು ನಿಂತು ಓದತೊಡಗಿದೆ. ಒಂದು: ಈಗಿನ ಹನ್ನೊಂದು ಸದಸ್ಯರೂ ಹೊಸ ಊರಿನಲ್ಲಿ ಅವಧಿ ಮುಗಿಯುವವರೆಗೆ ಒಂದೇ ಮಂಡಳಿಯಾಗಿ ಮುಂದುವರಿಯತಕ್ಕದ್ದು. ಎರಡು: ಪಂಚಾಯಿತಿಯ ದಫ್ತರು, ಸಿಕ್ಕಾ, ಸಭಾ ಪುಸ್ತಕ ಹೊಸ ಊರಿಗೆ ಒಯ್ಯತಕ್ಕದ್ದು. ಮೂರಕ್ಕೆ ಬಂದಾಗ ಓದು ನಿಲ್ಲಿಸಿದೆ. ನೀರು ಕೇಳಿ ಕುಡಿದೆ. ಕುಡಿದು, "ಮತ್ತು ಇತರೆ ವಿಷಯಗಳು" ಎಂದು ಹೇಳಿ ಪುಸ್ತಕ ಕೆಳಗಿಟ್ಟೆ.

ಯಾರೂ ಮುಖ ಎತ್ತಲಿಲ್ಲ. ಬೀರವ್ವನ ಮುಖ ಮಾತ್ರ ಅರಳಿತ್ತು. ಸಹಿಗೆ ಪುಸ್ತಕ ಹೋದಾಗ ಒತ್ತಕ್ಷರ ಸರಿಯಾಗಿ ಬಿತ್ತು, ನಕ್ಕಳು. ಭಂಡಾರದ ತಟ್ಟೆ ಬಂದಾಗ ಎಲ್ಲರಿಗಿಂತ ಮೊದಲು ಕೈ ಹಾಕಿದಳು. ಹಿಂದೆಯೇ ಆ ಹತ್ತು ಮಂದಿ ಮೂರನೇ ಕಲಮು ಗೊತ್ತಿದ್ದೂ ಮುಟ್ಟಿದರು, ಹಣೆಗೆ ಹಚ್ಚಿಕೊಂಡರು. ಒಬ್ಬನಂತೂ "ಬೀರಪ್ಪಾ, ಕಾಪಾಡೋ" ಎಂದು ಕೈ ಮುಗಿದ. ದೇವರ ಮುಂದೆ ಅಷ್ಟು ನಿರಾಳವಾಗಿ ಸುಳ್ಳಾಡುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೊನೆಗೆ ತಟ್ಟೆ ನನ್ನ ಮುಂದೆಯೂ ಬಂತು. ನಾನು ಸರಕಾರಿ ನೌಕರ, ನನಗದು ಸಲ್ಲುವುದಿಲ್ಲ ಎಂದು ಪಕ್ಕಕ್ಕೆ ಸರಿಸಿದೆ. ಎಂಥ ನಾಜೂಕು!

ಹದಿನೈದು ದಿನದಲ್ಲಿ ಊರು ಖಾಲಿಯಾಯಿತು. ಆಷಾಢದಲ್ಲಿ ಮೇಲೆ ಮಳೆ ಸುರಿದು ನೀರು ಬಂತು. ಅದು ಮೊದಲು ತಗ್ಗಿನ ಹೊಲಗಳಲ್ಲಿ ಸದ್ದಿಲ್ಲದೆ ಹರಡಿಕೊಂಡು ಒಂದು ಮುಂಜಾನೆ ಹೊತ್ತಿಗೆ ಊರ ಅಗಸಿ ಬಾಗಿಲಲ್ಲಿತ್ತು. ಮುಳ್ಳಿನ ಕಟ್ಟಿನ ಇಪ್ಪತ್ತೆರಡು ಮನೆಗಳವರು ಮಾತ್ರ ಹೊಸ ಊರಿಗೆ ಬರಲಿಲ್ಲ. ಬರಲು ಅವರಿಗೆ ಅಲ್ಲಿ ಜಾಗವಿರಲಿಲ್ಲ. ನೀರು ಏರಿದಂತೆಲ್ಲ ಅವರು ಹಿಂದೆ ಸರಿಯುತ್ತ ಹೋಗಿ, ಗುಡ್ಡದ ಮಗ್ಗುಲಲ್ಲಿ ಕಂಬಳಿ, ತಾಡಪತ್ರಿ ಕಟ್ಟಿಕೊಂಡರು. ಅವರ ಹೆಸರು ಇವತ್ತಿಗೂ ಯಾವ ಯಾದಿಗೂ ಬಂದಿಲ್ಲ.

ಬೀರವ್ವ ಮರುಸರ್ವೆ ಯಾವಾಗ ಎಂದು ಕೇಳಲು ಒಬ್ಬಳೇ ಬೀಳಗಿಗೆ ಹೋಗಿದ್ದಳು. ಅಲ್ಲಿನ ಗುಮಾಸ್ತ ಠರಾವಿನ ಮೂರನೇ ಕಲಮು ಓದಿ, ಕೆಳಗೆ ಅವಳದೇ ಸಹಿ ತೋರಿಸಿ ಕಳಿಸಿದ್ದ. ಮರುದಿನ ನನ್ನ ಹುಡುಕಿಕೊಂಡು ಹೊಸ ಊರಿಗೆ ಬಂದಳು. ಪಂಚಾಯಿತಿಗೆ ಆಗ ಸಾಲೆಯ ಒಂದು ತಗಡಿನ ಖೋಲಿ ಕೊಟ್ಟಿದ್ದರು. ಮಳೆಯಲ್ಲಿ ಏಳೆಂಟು ಮೈಲು ನಡೆದು ಬಂದವಳನ್ನು ನೋಡಿ ಪುಸ್ತಕ ಮುಚ್ಚಿ ಎದ್ದೆ. ಬೈಗುಳಕ್ಕೆ ತಯಾರಾಗಿ ನಿಂತೆ.

ಅವಳು ಬೈಯಲಿಲ್ಲ. ಹೊಸ್ತಿಲ ಹತ್ತಿರ ಕೂತು, "ನೀವು ಓದೂಮುಂದ ನಾನ ಕಿವಿಗೊಟ್ಟ ಕೇಳ್ಲಿಲ್ಲ ಕಾಣ್ತೈತ್ರೀ. ಖುಷಿಯೊಳಗ ಇದ್ದೆ. ನಂದ ತಪ್ಪಾತು" ಎಂದಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು: ನಾನು ಅದನ್ನು ಓದಲೇ ಇಲ್ಲ, ಬೀರವ್ವ. ಅಷ್ಟು ಹೇಳಿದ್ದರೆ ಅವಳು ಮುಟ್ಟಿದ ಭಂಡಾರದ ಕಟ್ಟು ಅಲ್ಲೇ ಬಿಚ್ಚುತ್ತಿತ್ತು, ಕೋರ್ಟಿಗೆ ಹೋಗಲೂ ದಾರಿಯಾಗುತ್ತಿತ್ತು. ಬಾಯಿಗೆ ಬಂದಿತ್ತು. ನಾನು ಹೇಳಿದ್ದು, "ಹೊಳ್ಳಿ ಅರ್ಜಿ ಕೊಡ್ರಿ, ಸಹಿ ತಪ್ಪಿ ಬಿದ್ದೈತಿ ಅಂತ ಬರಕೊಡ್ತೇನಿ."

"ಛೀ ಛೀ, ಭಂಡಾರ ಮುಟ್ಟಿನ್ರೀ ನಾ. ಮುಟ್ಟಿ ಅಲ್ಲ ಅಂತ ಹ್ಯಾಂಗ ಅನ್ಲಿ?" ಎಂದು ಕಣ್ಣಗಲಿಸಿದಳು. ಆಮೇಲೆ ತಾನೇ ಒಂದು ದಾರಿ ಕಂಡುಕೊಂಡಳು. "ಆ ಹತ್ತೂ ಮಂದಿ ಹೊಳ್ಳಿ ಕುಂತು, ಹೊಳ್ಳಿ ಭಂಡಾರ ಮುಟ್ಟಿದ್ರ ಹಳೇದು ಬಿಡ್ತೈತ್ರೀ. ನಾ ಸಭಾಕ್ಕ ಬಂದ ಕೇಳ್ತೇನಿ. ನಾನೂ ಮೆಂಬರ ಅದೇನಲ್ರೀ."

ಇದನ್ನು ಗುರುಬಸಪ್ಪನಿಗೆ ಹೇಳಿದವನು ನಾನೇ. ಅವನು ನೇರ ಬೀಳಗಿಗೆ ಹೋಗಿ ಸಲಹೆ ತಂದ. ಸತತ ಮೂರಕ್ಕಿಂತ ಹೆಚ್ಚು, ಅಂದರೆ ನಾಲ್ಕು ಸಭೆಗೆ ಬಾರದ ಸದಸ್ಯರ ಸದಸ್ಯತ್ವ ತಾನಾಗಿ ಹೋಗುತ್ತದೆ. "ಹೊಸ ಊರಾಗ ಆಕಿಗಿ ಮನೀನ ಇಲ್ಲ. ಬಂದಿಲ್ಲ ಅಂದ್ರ ಯಾರ ಕೇಳ್ತಾರ?" ಎಂದ. ಬಂದರೆ ಎಂದು ಕೇಳಿದ್ದಕ್ಕೆ ನನ್ನನ್ನೇ ನೋಡಿ ನಕ್ಕ.

ಆಮೇಲೆ ತುರ್ತು ಕೆಲಸಗಳಿವೆ ಎಂದು ಹದಿನೈದು ದಿನಕ್ಕೊಂದು ಸಭೆ ಕರೆದ. ಬೀರವ್ವ ಪ್ರತಿ ಸಲವೂ ಬಂದಳು. ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. "ಬಾ ಬೇ, ಕುಂದ್ರು" ಎಂದು ಕರೆದು ಬಾಗಿಲ ಬಳಿಯ ಬೆಂಚು ತೋರಿಸುತ್ತಿದ್ದರು, ಚಹಾ ಕೊಡಿಸುತ್ತಿದ್ದರು. ಹಾಜರಿ ಪುಸ್ತಕ ಮಾತ್ರ ಆ ಬೆಂಚಿನವರೆಗೆ ಹೋಗುತ್ತಿರಲಿಲ್ಲ. ಮೊದಲ ದಿನ ಕೇಳಿದಳು. "ನಿನ್ನ ಸಹಿ ಸೆಕ್ರೇಟರಿ ಸಾಹೇಬ್ರು ಆಮ್ಯಾಲ ತಗೋತಾರ" ಎಂದ ಗುರುಬಸಪ್ಪ. ಅವಳು ತನ್ನ ಇಪ್ಪತ್ತೆರಡು ಮನೆಗಳ ಮಾತೆತ್ತಿದಾಗ, "ನೋಡೂಣು, ಮುಂದಿನ ಸಭಾದಾಗ ತಗೊಳ್ಳೂಣು" ಎನ್ನುತ್ತಿದ್ದ. ಉಳಿದವರು ತಲೆ ಆಡಿಸುತ್ತಿದ್ದರು. ಅವಳು ಎದ್ದು ಹೋದ ಮೇಲೆ ಅವಳ ಹೆಸರಿನ ಮುಂದೆ ನಾನು ಗೈರುಹಾಜರು ಎಂದು ಬರೆಯುತ್ತಿದ್ದೆ. ಒಂದನೇ ಸಭೆಗೆ ಬರೆದೆ. ಎರಡನೆಯದಕ್ಕೆ ಬರೆದೆ. ಮೂರನೆಯದಕ್ಕೆ ಬರೆಯುವಾಗ ಬಾಗಿಲ ಕಡೆ ನೋಡುವುದನ್ನೂ ಬಿಟ್ಟಿದ್ದೆ. ಆ ದಿನಗಳಲ್ಲಿ ನಾನು ಸಂಜೆ ಆರಕ್ಕೆ ಬನಹಟ್ಟಿ ಮುಟ್ಟಿ ಮಕ್ಕಳ ಜೊತೆ ಊಟ ಮಾಡುತ್ತಿದ್ದೆ. ಊಟ ಸೇರುತ್ತಲೂ ಇತ್ತು.

ನಾಲ್ಕನೇ ಸಭೆಯ ದಿನ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಯಾರ ಮಾತೂ ಕೇಳುತ್ತಿರಲಿಲ್ಲ. ಬೇಗ ಮುಗಿಸಿ ಎಲ್ಲರೂ ಹೋದರು. ಬೀರವ್ವ ಹೋಗಲಿಲ್ಲ. ನೆನೆದ ಕಂಬಳಿ ತೆಗೆದು ಹಿಂಡಿ, ಮಳೆ ನಿಲ್ಲಲಿ ಎಂದು ನನ್ನ ಮೇಜಿನ ಪಕ್ಕಕ್ಕೆ ಬಂದು ನಿಂತಳು. ಅವಳು ಹೋಗುವವರೆಗೆ ಕಾಯಬೇಕೆಂದುಕೊಂಡೆ. ಆದರೆ ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಪುಸ್ತಕ ತೆಗೆದೆ. ಅವಳು ಬಗ್ಗಿ ನೋಡುತ್ತಿದ್ದಂತೆಯೇ ಬರೆದೆ.

ಅವಳಿಗೆ ತನ್ನ ಹೆಸರಿನ ಅಕ್ಷರಗಳು ಗುರುತಾದವು. ಅವುಗಳ ಮುಂದಿನದನ್ನು ಓದಲು ಬರುತ್ತಿರಲಿಲ್ಲ. ಹೆಸರಿನ ಮೇಲೆ ಬೆರಳಿಟ್ಟು, "ಇದು ನಂದಲ್ರೀ? ನಾಕೂ ಸಭಾದಾಗ ಬರದೀರಿಲ್ರೀ?" ಎಂದು ಕೇಳಿದಳು.

"ನಾಕರಾಗೂ ಬರದೇನಿ" ಎಂದೆ.

"ಛಲೋ ಆತ್ರೀ. ಮುಂದಿನ ಸಭಾಕ್ಕ ಇನ್ನೂ ಲಗೂನ ಬರ್ತೇನಿ" ಎಂದು ಕಂಬಳಿ ತಲೆಗೆ ಹಾಕಿಕೊಂಡು ಮಳೆಯಲ್ಲೇ ಹೊರಟಳು.